ಆರಕ್ಕೆ ಐದು: ರಾಬರ್ಟ್ ಗಾಲ್‌ಬ್ರೈತ್ ಯಾರು ಅಂತ ಪದ ಎಣಿಸಿ ನೋಡಿದ ಪ್ರಕರಣ

2013ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ 'ದಿ ಕುಕೂಸ್ ಕಾಲಿಂಗ್' ಅನ್ನೋ ಪತ್ತೇದಾರಿ ಕಾದಂಬರಿ ಬಂತು. ಲೇಖಕರ ಹೆಸರು ರಾಬರ್ಟ್ ಗಾಲ್‌ಬ್ರೈತ್. ಯಾರೂ ಕೇಳಿರದ ಹೆಸರು. ಮೊದಲು ಸೇನಾ ಪೊಲೀಸ್‌ನಲ್ಲಿದ್ದರು, ಈಗ ಖಾಸಗಿ ಭದ್ರತಾ ಕೆಲಸದಲ್ಲಿದ್ದಾರೆ ಅಂತ ಪರಿಚಯದಲ್ಲಿ ಬರೆದಿತ್ತು. ವಿಮರ್ಶಕರು ಮೆಚ್ಚಿಕೊಂಡರು. ಆದರೆ ಮೂರು ತಿಂಗಳಲ್ಲಿ ಅಲ್ಲಿ ಮಾರಾಟವಾದ ಗಟ್ಟಿರಟ್ಟಿನ ಪ್ರತಿಗಳು ಸುಮಾರು 1,500 ಅಷ್ಟೇ.

ಜುಲೈನಲ್ಲಿ ಕಥೆ ತಿರುಗಿತು. 'ಸಂಡೇ ಟೈಮ್ಸ್' ಪತ್ರಿಕೆಯ ಅಂಕಣಕಾರ್ತಿಯೊಬ್ಬರು ಈ ಪುಸ್ತಕ ಇಷ್ಟವಾಯ್ತು ಅಂತ ಟ್ವಿಟರ್‌ನಲ್ಲಿ ಹಾಕಿದರು. ಅದಕ್ಕೆ ಗುರುತಿಲ್ಲದ ಯಾರೋ ಉತ್ತರ ಕೊಟ್ಟರು. ಇದು ಹೊಸಬರು ಬರೆದಿದ್ದಲ್ಲ, ಜೆ.ಕೆ. ರೌಲಿಂಗ್ ಬರೆದಿದ್ದು ಅಂತ. ಹ್ಯಾರಿ ಪಾಟರ್ ಬರೆದ ಅದೇ ರೌಲಿಂಗ್. ಹೆಚ್ಚಿಗೆ ಏನಾದರೂ ತಿಳಿಯುವ ಮೊದಲೇ ಆ ಖಾತೆ ಮಾಯ.

ಪತ್ರಿಕೆಯ ಕಲಾ ವಿಭಾಗದ ಸಂಪಾದಕ ರಿಚರ್ಡ್ ಬ್ರೂಕ್ಸ್ ಸುಮ್ನೆ ಕೂರಲಿಲ್ಲ. ಗಾಲ್‌ಬ್ರೈತ್ ಮತ್ತು ರೌಲಿಂಗ್ ಇಬ್ಬರಿಗೂ ಏಜೆಂಟ್ ಒಬ್ಬರೇ. ಪ್ರಕಾಶನ ಸಂಸ್ಥೆಯೂ ಒಂದೇ. ಕೈತಿದ್ದಿದ ಸಂಪಾದಕರೂ ಒಬ್ಬರೇ. ಯಾರಿಗೂ ಗೊತ್ತಿಲ್ಲದ ಒಬ್ಬ ಮಾಜಿ ಸೈನಿಕನಿಗೆ ಇಷ್ಟೆಲ್ಲ ಹೇಗೆ ಒದಗಿ ಬಂತು? ಅನುಮಾನ ಬರೋದು ಸಹಜ. ಆದರೆ ಅನುಮಾನವನ್ನು ಮುಖಪುಟದಲ್ಲಿ ಹಾಕೋಕಾಗಲ್ಲ. ಆಗ ಪತ್ರಿಕೆಯವರು ಇಬ್ಬರ ಬಾಗಿಲು ತಟ್ಟಿದರು. ಒಬ್ಬರು ಅಮೆರಿಕದ ಪಿಟ್ಸ್‌ಬರ್ಗ್‌ನ ಡ್ಯುಕೇನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಪ್ಯಾಟ್ರಿಕ್ ಜುವೋಲಾ. ಇನ್ನೊಬ್ಬರು ಆಕ್ಸ್‌ಫರ್ಡ್‌ನ ಪೀಟರ್ ಮಿಲಿಕನ್. ಇವರು ತತ್ವಶಾಸ್ತ್ರದ ಮೇಷ್ಟ್ರು, ಆದರೆ ಬರಹಗಳನ್ನು ಹೋಲಿಸೋಕೆ ತಾವೇ ಒಂದು ಸಾಫ್ಟ್‌ವೇರ್ ಮಾಡಿಕೊಂಡಿದ್ದರು. ಇಬ್ಬರ ಕೆಲಸವೂ ಹೆಚ್ಚುಕಡಿಮೆ ಒಂದೇ: ಬರಹವನ್ನು ಓದೋದಲ್ಲ, ಎಣಿಸೋದು.

ನಾನಿಲ್ಲಿ ಜುವೋಲಾ ಮಾಡಿದ ಕೆಲಸವನ್ನೇ ಬಿಡಿಸಿ ನೋಡುತ್ತೇನೆ. ಏನು ಮಾಡಿದೆ, ಏನು ಸಿಕ್ಕಿತು ಅಂತ ಅವರೇ ಆಮೇಲೆ ಮುಚ್ಚುಮರೆ ಇಲ್ಲದೆ ಬರೆದರು. ಅದರಲ್ಲಿ ಗೆಲುವಿನ ಕಥೆಗಿಂತ ಗೊಂದಲದ ಕಥೆ ಚೆನ್ನಾಗಿದೆ.

ಮೊದಲ ಪ್ರಶ್ನೆ, ಯಾವುದರ ಜೊತೆ ಹೋಲಿಸೋದು? ರೌಲಿಂಗ್ ಅಂದ ತಕ್ಷಣ ಹ್ಯಾರಿ ಪಾಟರ್ ನೆನಪಾಗುತ್ತೆ. ಆದರೆ ಅದು ಮಕ್ಕಳ ಪುಸ್ತಕ, ಮಂತ್ರದ ಲೋಕ. ಲಂಡನ್ನಿನ ಕೊಲೆ ಕಥೆಯ ಪಕ್ಕ ಇಟ್ಟರೆ ಲೇಖಕಿ ಒಬ್ಬರೇ ಆದರೂ ಬರಹ ಬೇರೆಯಾಗಿ ಕಾಣಬಹುದು. ಅದಕ್ಕೇ ಆರಿಸಿದ್ದು 2012ರಲ್ಲಿ ಅವರು ದೊಡ್ಡವರಿಗಾಗಿ ಬರೆದ 'ದಿ ಕ್ಯಾಶುಯಲ್ ವೇಕೆನ್ಸಿ'. ಜೊತೆಗೆ ಇನ್ನೂ ಮೂವರು ಬ್ರಿಟಿಷ್ ಲೇಖಕಿಯರು, ಮೂವರೂ ಅಪರಾಧ ಕಾದಂಬರಿಗೆ ಹೆಸರಾದವರು. ರೂತ್ ರೆಂಡೆಲ್ ಅವರ 'ದಿ ಸೇಂಟ್ ಝೀಟಾ ಸೊಸೈಟಿ', ಪಿ.ಡಿ. ಜೇಮ್ಸ್ ಅವರ 'ದಿ ಪ್ರೈವೇಟ್ ಪೇಷೆಂಟ್', ವಾಲ್ ಮೆಕ್‌ಡರ್ಮಿಡ್ ಅವರ 'ದಿ ವೈರ್ ಇನ್ ದಿ ಬ್ಲಡ್'. ಪೊಲೀಸರು ಗುರುತು ಹಿಡಿಸೋಕೆ ಒಂದಷ್ಟು ಜನರನ್ನು ಸಾಲಾಗಿ ನಿಲ್ಲಿಸ್ತಾರಲ್ಲ, ಹಾಗೆ. ಅನುಮಾನ ಇರೋರನ್ನು ಒಬ್ಬರನ್ನೇ ನಿಲ್ಲಿಸಿ 'ಇವರೇನಾ?' ಅಂದರೆ ಅದು ಪರೀಕ್ಷೆಯೇ ಅಲ್ಲ.

ಈ ಸಾಲಿನಲ್ಲಿ ಒಂದು ಸೂಕ್ಷ್ಮ ಇದೆ. 'ಕುಕೂಸ್ ಕಾಲಿಂಗ್' ಪತ್ತೇದಾರಿ ಕಥೆ. ಅಫ್ಘಾನಿಸ್ತಾನದಲ್ಲಿ ಕಾಲು ಕಳೆದುಕೊಂಡ ಪತ್ತೇದಾರ, ಬಾಲ್ಕನಿಯಿಂದ ಬಿದ್ದು ಸತ್ತ ರೂಪದರ್ಶಿ. ಆದರೆ ರೌಲಿಂಗ್ ಹೆಸರಿನಲ್ಲಿ ಇಟ್ಟ ಪುಸ್ತಕದಲ್ಲಿ ಪತ್ತೇದಾರನೇ ಇಲ್ಲ. ಅದು ಒಂದು ಸಣ್ಣ ಊರಿನ ಪರಿಷತ್ತಿನಲ್ಲಿ ಖಾಲಿಯಾದ ಒಂದು ಸ್ಥಾನದ ಸುತ್ತ ನಡೆಯೋ ಕಥೆ. ಜೇಮ್ಸ್ ಮತ್ತು ಮೆಕ್‌ಡರ್ಮಿಡ್ ಪುಸ್ತಕಗಳಲ್ಲಿ ಕೊಲೆ, ತನಿಖೆ, ಪೊಲೀಸ್ ಎಲ್ಲ ಇವೆ. ಅಂದರೆ ವಿಷಯದ ಸೆಳೆತ ಇದ್ದದ್ದು ರೌಲಿಂಗ್ ಕಡೆಗಲ್ಲ, ಉಳಿದವರ ಕಡೆಗೆ. ಎದುರು ಗಾಳಿಯಲ್ಲೂ ರೌಲಿಂಗ್ ಮುಂದೆ ಬಂದರೆ ಅದಕ್ಕೆ ಸ್ವಲ್ಪ ಜಾಸ್ತಿ ತೂಕ ಕೊಡಬೇಕು ಅಂತ ನನ್ನ ಲೆಕ್ಕ.

ಇನ್ನು ಎಣಿಸಿದ್ದೇನು? ನಾಲ್ಕು ಸಂಗತಿ. ಪದಗಳ ಉದ್ದ, ಅತಿ ಹೆಚ್ಚು ಬರುವ 100 ಪದಗಳು, ಅಕ್ಕಪಕ್ಕ ಬರುವ ಪದಗಳ ಜೋಡಿ, ಮತ್ತೆ ನಾಲ್ಕು ನಾಲ್ಕು ಅಕ್ಷರದ ತುಣುಕುಗಳು.

ಮೊದಲ ಸಲ ಕೇಳಿದವರಿಗೆ ನಿರಾಸೆ ಆಗೋದು ಇಲ್ಲೇ. ಕಾದಂಬರಿಕಾರರ ಶೈಲಿ ಅಂದರೆ ನಾವು ಉಪಮೆ ನೋಡ್ತೀವಿ, ವರ್ಣನೆ ನೋಡ್ತೀವಿ, ಅಪರೂಪದ ಪದ ಹುಡುಕ್ತೀವಿ. ಎಣಿಸುವವರು ಅದನ್ನೆಲ್ಲ ಬದಿಗಿಟ್ಟು 'ದಿ', 'ಆಫ್', 'ಅಂಡ್', 'ಟು', 'ಬಟ್' ಇಂಥವನ್ನು ಎಣಿಸುತ್ತಾರೆ. ಇಂಗ್ಲಿಷಿನ ಯಾವ ಪುಸ್ತಕ ತೆಗೆದರೂ ಅತಿ ಹೆಚ್ಚು ಬರುವ ನೂರು ಪದಗಳೇ ಸರಿಸುಮಾರು ಅರ್ಧ ಪುಸ್ತಕವನ್ನು ತುಂಬಿರುತ್ತವೆ. ಅವುಗಳಲ್ಲಿ ಹೆಚ್ಚಿನವು ನಾವು ಓದುವಾಗ ಕಣ್ಣಿಗೂ ಬೀಳದ ಪುಡಿ ಪದಗಳು.

ಕಣ್ಣಿಗೆ ಬೀಳಲ್ಲ ಅನ್ನೋದೇ ಅವುಗಳ ಗುಣ. 'ಪತ್ತೇದಾರ' ಅನ್ನೋ ಪದ ಎಷ್ಟು ಸಲ ಬರುತ್ತೆ ಅನ್ನೋದನ್ನು ಕಥೆ ತೀರ್ಮಾನಿಸುತ್ತೆ. 'ಆದರೆ' ಎಷ್ಟು ಸಲ ಬರುತ್ತೆ ಅನ್ನೋದನ್ನು ಬರೆಯೋರ ಕೈ ತೀರ್ಮಾನಿಸುತ್ತೆ. ಬೇರೆಯವರ ಹಾಗೆ ಬರೀಬೇಕು ಅಂತ ಹೊರಟ ಲೇಖಕ ಪಾತ್ರ, ಬೈಗುಳ, ಊರು ಎಲ್ಲವನ್ನೂ ಬದಲಿಸಬಹುದು. ಸಾವಿರ ಪದಕ್ಕೆ ಎಷ್ಟು 'ಆಫ್' ಹಾಕ್ತೀನಿ ಅಂತ ಯಾರು ಲೆಕ್ಕ ಇಟ್ಟುಕೊಂಡು ಬರೀತಾರೆ ಹೇಳಿ?

ಇದು ಕೆಲಸ ಮಾಡುತ್ತೆ ಅಂತ ಗಟ್ಟಿಯಾಗಿ ತೋರಿಸಿದ್ದು ಕಾದಂಬರಿಯಲ್ಲಲ್ಲ, ರಾಜಕೀಯ ಲೇಖನಗಳಲ್ಲಿ. ಅಮೆರಿಕದ ಸಂವಿಧಾನದ ಪರವಾಗಿ 1787-88ರಲ್ಲಿ ಒಂದೇ ಗುಪ್ತನಾಮದಲ್ಲಿ 85 'ಫೆಡರಲಿಸ್ಟ್' ಲೇಖನಗಳು ಬಂದವು. ಅದರಲ್ಲಿ 12 ಲೇಖನ ಆ ಕಾಲದ ರಾಜಕಾರಣಿಗಳಾದ ಹ್ಯಾಮಿಲ್ಟನ್ ಬರೆದಿದ್ದೋ ಮ್ಯಾಡಿಸನ್ ಬರೆದಿದ್ದೋ ಅಂತ ಜಗಳ ಇತ್ತು. 1964ರಲ್ಲಿ ಮೋಸ್ಟೆಲರ್ ಮತ್ತು ವಾಲೇಸ್ ಅನ್ನೋ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಪುಡಿ ಪದಗಳನ್ನು ಎಣಿಸಿದರು. 'ಅಪಾನ್' ಅನ್ನೋ ಒಂದು ಪದ ನೋಡಿ. ಹ್ಯಾಮಿಲ್ಟನ್ ಬರಹದಲ್ಲಿ ಅದು ಸಾವಿರ ಪದಕ್ಕೆ ಸುಮಾರು ಮೂರು ಸಲ ಬರುತ್ತೆ. ಮ್ಯಾಡಿಸನ್ ಬರಹದಲ್ಲಿ ಆರು ಸಾವಿರ ಪದಕ್ಕೆ ಒಂದು ಸಲದ ಹತ್ತಿರ. ಒಬ್ಬರು 'ವೈಲ್' ಬರೆದರೆ ಇನ್ನೊಬ್ಬರು ಅದೇ ಅರ್ಥದ 'ವೈಲ್ಸ್ಟ್' ಬರೀತಾರೆ. ಇಂಥ ಹತ್ತಾರು ಪದ ಸೇರಿಸಿದಾಗ ಹನ್ನೆರಡೂ ಲೇಖನಗಳು ಮ್ಯಾಡಿಸನ್ ಕಡೆ ವಾಲಿದವು.

ಈಗ ಗಾಲ್‌ಬ್ರೈತ್‌ಗೆ ಬರೋಣ. ಜುವೋಲಾ 'ಕುಕೂಸ್ ಕಾಲಿಂಗ್' ಅನ್ನು 11 ಭಾಗ ಮಾಡಿದರು. ಪ್ರತಿ ಭಾಗವೂ ಆ ನಾಲ್ವರಲ್ಲಿ ಯಾರಿಗೆ ಹತ್ತಿರ ಅಂತ ಕೇಳಿದರು. ಇಡೀ ಪುಸ್ತಕವನ್ನು ಒಂದೇ ಮುದ್ದೆಯಾಗಿ ತಗೊಂಡರೆ ಒಂದೇ ಉತ್ತರ ಬರುತ್ತೆ. ಅದರ ಮೇಲೆ ಎಷ್ಟು ಭರವಸೆ ಇಡಬಹುದು ಅಂತ ಗೊತ್ತಾಗಲ್ಲ. ಹನ್ನೊಂದು ಭಾಗ ಅಂದರೆ ಹನ್ನೊಂದು ಓಟು.

'ಹತ್ತಿರ' ಅನ್ನೋದನ್ನು ಅಳೆಯೋದು ಹೇಗೆ? ನೂರು ಪದ ಅಂದರೆ ನೂರು ಸಂಖ್ಯೆ. ಆ ನೂರೂ ಸೇರಿ ಒಂದು ಬಾಣ ಅಂದುಕೊಳ್ಳಿ, ಯಾವುದೋ ಒಂದು ದಿಕ್ಕಿಗೆ ಮುಖ ಮಾಡಿದೆ. ಎರಡು ಬರಹಗಳ ಬಾಣಗಳ ನಡುವೆ ಕೋನ ಕಡಿಮೆ ಇದ್ದಷ್ಟೂ ಅವು ಹತ್ತಿರ. ಕೋನ ಯಾಕೆ ಅಂದರೆ, ಒಂದು ಬರಹ ಉದ್ದ, ಇನ್ನೊಂದು ಗಿಡ್ಡ ಇದ್ದರೂ ದಿಕ್ಕು ಬದಲಾಗಲ್ಲ.

ಮೊದಲು ಪದಗಳ ಉದ್ದ. ಎರಡಕ್ಷರದ ಪದ ಎಷ್ಟು, ಮೂರಕ್ಷರದ್ದು ಎಷ್ಟು ಅಂತ ಒಂದು ಗೆರೆ ಎಳೆಯೋದು. ಇದು ಹಳೇ ಐಡಿಯಾ. 1887ರಲ್ಲೇ ಮೆಂಡೆನ್‌ಹಾಲ್ ಅನ್ನೋ ಭೌತವಿಜ್ಞಾನಿ ಇದನ್ನು ಹೇಳಿದ್ದರು. ಬೆಳಕಿನ ಪಟ್ಟಿ ನೋಡಿ ಯಾವ ಧಾತು ಅಂತ ಹೇಳೋ ಹಾಗೆ, ಪದಗಳ ಉದ್ದದ ಗೆರೆ ನೋಡಿ ಯಾವ ಲೇಖಕ ಅಂತ ಹೇಳಬಹುದು ಅನ್ನೋದು ಅವರ ಆಸೆ.

ಫಲಿತಾಂಶ: 11 ಭಾಗಗಳಲ್ಲಿ 6 ರೌಲಿಂಗ್‌ಗೆ ಹತ್ತಿರ, 5 ಪಿ.ಡಿ. ಜೇಮ್ಸ್‌ಗೆ ಹತ್ತಿರ.

ಆರಕ್ಕೆ ಐದು! ಇದನ್ನು ನೋಡಿ 'ರೌಲಿಂಗೇ' ಅಂತ ಯಾರು ಹೇಳ್ತಾರೆ? ಒಂದೇ ಒಂದು ಭಾಗ ಆ ಕಡೆ ಜಾರಿದ್ದರೆ ಜೇಮ್ಸ್ ಗೆಲ್ತಿದ್ದರು. ಆದರೆ ಅದೇ ಅಂಕಿಯನ್ನು ಇನ್ನೊಂದು ಕಡೆಯಿಂದ ನೋಡಿ. ರೆಂಡೆಲ್‌ಗೆ ಸೊನ್ನೆ, ಮೆಕ್‌ಡರ್ಮಿಡ್‌ಗೂ ಸೊನ್ನೆ. ಸುಮ್ನೆ ಚೀಟಿ ಎತ್ತಿದ್ದರೆ ನಾಲ್ವರಿಗೂ ತಲಾ ಎರಡು ಮೂರು ಬರಬೇಕಿತ್ತು. ಅಂದರೆ ಈ ಪರೀಕ್ಷೆ ಯಾರು ಅಂತ ಹೇಳೋದರಲ್ಲಿ ಕುಂಟುತ್ತೆ, ಯಾರಲ್ಲ ಅಂತ ಹೇಳೋದರಲ್ಲಿ ಚುರುಕಾಗಿದೆ. ಇಡೀ ಪ್ರಕರಣದಲ್ಲಿ ನನಗೆ ತುಂಬಾ ಹಿಡಿಸಿದ ಜಾಗ ಇದು. ಪದ ಎಣಿಕೆ ಬೆರಳು ಮಾಡಿ ತೋರಿಸೋ ಸಾಕ್ಷಿ ಅಲ್ಲ. ಅದೊಂದು ಜರಡಿ.

ಒಂದು ಜರಡಿಯಲ್ಲಿ ಇಬ್ಬರು ಉಳಿದರೆ ಏನು ಮಾಡ್ತೀವಿ? ಬೇರೆ ಕಣ್ಣಿನ ಇನ್ನೊಂದು ಜರಡಿ ಹಿಡೀತೀವಿ. ನಾಲ್ಕು ಪರೀಕ್ಷೆ ಇಟ್ಟಿದ್ದು ಅದಕ್ಕೇ. ಎಲ್ಲ ಪರೀಕ್ಷೆಗಳೂ ಒಂದೇ ಹೆಸರು ಹೇಳಲಿಲ್ಲ. ಮೊದಲ ಜರಡಿಯಲ್ಲೇ ಉದುರಿದ್ದ ಮೆಕ್‌ಡರ್ಮಿಡ್ ಮುಂದೆ ಮತ್ತೆ ತಲೆ ಎತ್ತಿದರು. ಆದರೆ ಪ್ರತಿ ಪರೀಕ್ಷೆಯಲ್ಲೂ ಮೊದಲನೇ ಅಥವಾ ಎರಡನೇ ಜಾಗದಲ್ಲಿ ಇದ್ದದ್ದು ರೌಲಿಂಗ್ ಒಬ್ಬರೇ. ಉಳಿದ ಮೂವರೂ ಒಂದಲ್ಲ ಒಂದು ಕಡೆ ಹಿಂದೆ ಬಿದ್ದರು. ಮಿಲಿಕನ್ ತಮ್ಮ ಸಾಫ್ಟ್‌ವೇರ್‌ನಲ್ಲಿ ಬೇರೆಯಾಗಿ ಮಾಡಿದ ಹೋಲಿಕೆಯೂ ಅದೇ ಕಡೆ ವಾಲಿತು.

ನಾಲ್ಕಕ್ಷರದ ತುಣುಕುಗಳ ಬಗ್ಗೆ ಒಂದು ಮಾತು. ಓದುವ ನಮಗೆ ಅದರಲ್ಲಿ ಅರ್ಥವೇ ಕಾಣಲ್ಲ. ಆದರೆ ತುಣುಕುಗಳಲ್ಲಿ ಪದದ ಬೇರು, ಬಾಲ, ವಿರಾಮ ಚಿಹ್ನೆ, ಎರಡು ಪದಗಳ ನಡುವಿನ ಜಾಗ ಎಲ್ಲ ಚೂರುಚೂರಾಗಿ ಸಿಕ್ಕಿಬೀಳುತ್ತವೆ. ನಮ್ಮ ಭಾಷೆಯಲ್ಲಿ ಈ ಕೆಲಸಕ್ಕೆ ಇಳಿಯೋರಿಗೆ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತೆ ಅನ್ನಿಸುತ್ತೆ. ಇಂಗ್ಲಿಷಿನಲ್ಲಿ ಬಿಡಿಯಾಗಿ ನಿಲ್ಲೋ 'ಇನ್', 'ಫ್ರಮ್', 'ಟು' ಕನ್ನಡದಲ್ಲಿ ಬಾಲವಾಗಿ ಅಂಟಿಕೊಂಡಿರುತ್ತವೆ. 'ಮನೆಯಲ್ಲಿ', 'ಮನೆಯಿಂದ', 'ಮನೆಗೂ', 'ಮನೆಯವರೆಲ್ಲ'. ಖಾಲಿ ಜಾಗ ನೋಡಿ ಪದ ಎಣಿಸುವ ಪ್ರೋಗ್ರಾಮ್‌ಗೆ ಇವು ನಾಲ್ಕು ಬೇರೆ ಬೇರೆ ಪದ. ನಮಗೆ ಬೇಕಾಗಿದ್ದ ಪುಡಿ ಪದ ಅದರೊಳಗೆ ಮುಚ್ಚಿಹೋಗಿದೆ. ಒಬ್ಬರು 'ಅಕ್ಕ ಮತ್ತು ತಂಗಿ' ಅಂತಾರೆ, ಇನ್ನೊಬ್ಬರು 'ಅಕ್ಕನೂ ತಂಗಿಯೂ' ಅಂತಾರೆ, ಮತ್ತೊಬ್ಬರು 'ಅಕ್ಕ ತಂಗಿ' ಅಂತ ಬಿಟ್ಟುಬಿಡ್ತಾರೆ. ಇದು ಶೈಲಿಯೇ ಅಲ್ವಾ? ಆದರೆ 'ಮತ್ತು' ಒಂದನ್ನೇ ಎಣಿಸಿದರೆ ಎರಡನೆಯವರ 'ಊ' ಲೆಕ್ಕಕ್ಕೇ ಬರಲ್ಲ.

ತುಣುಕು ಎಣಿಸುವಾಗಲೂ ಒಂದು ಗುಂಡಿ ಇದೆ. 'ಲ್ಲಿ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳೋ ಯೂನಿಕೋಡ್ ಸಂಕೇತದಲ್ಲಿ ಅದು ಲ, ಅದನ್ನು ಅರ್ಧಾಕ್ಷರ ಮಾಡೋ ಗುರುತು, ಮತ್ತೆ ಲ, ಆಮೇಲೆ ಇಕಾರದ ಗುಣಿತ, ಒಟ್ಟು ನಾಲ್ಕು. ಇಂಗ್ಲಿಷಿಗೆ ಬರೆದ ಪ್ರೋಗ್ರಾಮನ್ನು ಹಾಗೇ ಓಡಿಸಿದರೆ 'ನಾಲ್ಕಕ್ಷರದ ತುಣುಕು' ಅಂತ ಅದು ಒಂದೇ ಅಕ್ಷರ ಎತ್ತಿಕೊಂಡು ಬರುತ್ತೆ. ಆಮೇಲೆ ಬಂದ ಅಂಕಿ ನೋಡಿ ತಲೆ ಕೆರೆದುಕೊಳ್ಳೋದು ನಾವು.

ಇಷ್ಟಾದ ಮೇಲೆ ಜುವೋಲಾ ಪತ್ರಿಕೆಗೆ ಹೇಳಿದ್ದೇನು? 'ಇದನ್ನು ರೌಲಿಂಗೇ ಬರೆದಿದ್ದಾರೆ' ಅಂತ ಅವರು ಹೇಳಲಿಲ್ಲ. ಸಿಕ್ಕಿದ್ದೆಲ್ಲ ರೌಲಿಂಗ್ ಬರೆದಿರಬಹುದು ಅನ್ನೋದಕ್ಕೆ ಹೊಂದುತ್ತೆ, ಅದಕ್ಕಿಂತ ಮುಂದೆ ಹೋಗೋಕಾಗಲ್ಲ ಅನ್ನೋ ಧಾಟಿಯಲ್ಲಿತ್ತು ಅವರ ಮಾತು. ಹಿಂಜರಿಕೆಗೆ ಕಾರಣ ಇದೆ. 'ಈ ನಾಲ್ವರಲ್ಲಿ ಹತ್ತಿರದವರು ಯಾರು?' ಅಂತ ಕೇಳಿದರೆ ಯಂತ್ರ ಯಾವತ್ತೂ ಒಬ್ಬರ ಹೆಸರು ಹೇಳಿಯೇ ಹೇಳುತ್ತೆ. ನಿಜವಾಗಿ ಬರೆದವರು ಆ ಸಾಲಿನಲ್ಲಿ ಇಲ್ಲದ ಐದನೆಯವರಾದರೂ ಸರಿ. 'ಇವರ್ಯಾರೂ ಅಲ್ಲ' ಅನ್ನೋ ಉತ್ತರ ಈ ಪ್ರಶ್ನೆಯೊಳಗೆ ಇಲ್ಲವೇ ಇಲ್ಲ. ರೌಲಿಂಗ್ ಹೆಸರು ಆ ಸಾಲಿಗೆ ಬಂದಿದ್ದೇ ಟ್ವಿಟರ್‌ನ ಪಿಸುಮಾತಿನಿಂದ. ಅದು ಇಲ್ಲದೆ ಹೋಗಿದ್ದರೆ ಈ ಪುಸ್ತಕವನ್ನು ಹಿಡಿದು ಯಾರೂ ಪಿಟ್ಸ್‌ಬರ್ಗ್‌ಗೆ ಕರೆ ಮಾಡ್ತಿರಲಿಲ್ಲ.

ಹಾಗಾಗಿ 'ಕಂಪ್ಯೂಟರ್ ರೌಲಿಂಗ್‌ರನ್ನು ಹಿಡಿದುಹಾಕಿತು' ಅನ್ನೋ ಥರದ ಮಾತು ಕೇಳಿದಾಗ ನನಗೆ ಕಿರಿಕಿರಿ ಆಗುತ್ತೆ. ಹಿಡಿದುಕೊಟ್ಟಿದ್ದು ಮನುಷ್ಯರ ಬಾಯಿ. ಏಜೆಂಟು, ಪ್ರಕಾಶಕರು, ಸಂಪಾದಕರು ಒಂದೇ ಅನ್ನೋದು ಅದಕ್ಕೆ ಇಂಬು ಕೊಟ್ಟಿತು. ಎಣಿಕೆ ಮಾಡಿದ ಉಪಕಾರ ಬೇರೆ. ಅದು ಸುಳ್ಳಾಗಬಹುದಾಗಿದ್ದ ಪಿಸುಮಾತನ್ನು ಸುಳ್ಳು ಮಾಡೋಕೆ ನಾಲ್ಕು ಸಲ ನೋಡಿತು, ನಾಲ್ಕೂ ಸಲ ಆಗಲಿಲ್ಲ. ಒಂದು ಪರೀಕ್ಷೆಯಲ್ಲಿ ರೌಲಿಂಗ್ ಕೊನೆಗೆ ಬಿದ್ದಿದ್ದರೂ ಪತ್ರಿಕೆಯವರು ಎರಡು ಸಲ ಯೋಚಿಸ್ತಿದ್ದರು.

ಇನ್ನೂ ಒಂದೆರಡು ಕಡೆ ಕಾಲು ಜಾರಬಹುದಿತ್ತು. ಸಂಭಾಷಣೆ ಜಾಸ್ತಿ ಇರುವ ಅಧ್ಯಾಯದಲ್ಲಿ 'ನಾನು', 'ನೀನು' ತಾನಾಗಿಯೇ ಏರುತ್ತವೆ. ಅದನ್ನು ಲೇಖಕರ ಗುಣ ಅಂದುಕೊಂಡರೆ ತಪ್ಪು. ಜಾನ್ ಬರೋಸ್ ಅನ್ನೋ ವಿದ್ವಾಂಸರು 1987ರಲ್ಲಿ ಜೇನ್ ಆಸ್ಟಿನ್ ಕಾದಂಬರಿಗಳ ಪುಡಿ ಪದಗಳನ್ನು ಎಣಿಸಿ, ಒಂದೇ ಲೇಖಕಿಯ ಬೇರೆ ಬೇರೆ ಪಾತ್ರಗಳ ಮಾತಿನಲ್ಲೂ ಇವುಗಳ ಪ್ರಮಾಣ ಬೇರೆ ಬೇರೆ ಅಂತ ತೋರಿಸಿದ್ದರು. ಅಂದರೆ 'ಲೇಖಕರ ಬೆರಳಚ್ಚು' ಅನ್ನೋ ಮಾತು ಸ್ವಲ್ಪ ಉತ್ಪ್ರೇಕ್ಷೆ. ಬೆರಳಚ್ಚು ಬದಲಾಗಲ್ಲ. ಇದು ನಡಿಗೆಯ ಹಾಗೆ, ಮೆಟ್ಟಿಲು ಹತ್ತುವಾಗ ಒಂದು, ಬಿಸಿಲಲ್ಲಿ ಓಡುವಾಗ ಇನ್ನೊಂದು. ಆದರೂ ದೂರದಿಂದ ನೋಡಿ 'ಅವರೇ ಬರ್ತಿದ್ದಾರೆ' ಅಂತ ಹೇಳ್ತೀವಲ್ಲ, ಅಷ್ಟು. ಬೇಕಂತಲೇ ಕುಂಟಿಕೊಂಡು ನಡೆದರೆ ಮೋಸ ಹೋಗ್ತೀವಿ. ತಮ್ಮ ಶೈಲಿ ಮುಚ್ಚಿಟ್ಟು ಬರೀರಿ ಅಂತ ಸಾಮಾನ್ಯ ಜನರಿಗೇ ಹೇಳಿ ನೋಡಿದ ಪ್ರಯೋಗಗಳಲ್ಲಿ ಇಂಥ ಪ್ರೋಗ್ರಾಮ್‌ಗಳು ಚೆನ್ನಾಗಿ ಎಡವಿವೆ. ರೌಲಿಂಗ್ ಗಂಡಸಿನ ಹೆಸರು ಇಟ್ಟುಕೊಂಡರು, ಸೇನೆಯ ಹಿನ್ನೆಲೆ ಕಟ್ಟಿದರು. ಆದರೆ ಅಂಕಿಗಳನ್ನು ನೋಡಿದರೆ, ತಮ್ಮ ವಾಕ್ಯವನ್ನು ಬದಲಿಸೋ ತಂಟೆಗೆ ಹೋದಂತೆ ಕಾಣಲ್ಲ.

ಪತ್ರಿಕೆಯವರು ಈ ಫಲಿತಾಂಶ ಕೈಯಲ್ಲಿ ಹಿಡಿದು ರೌಲಿಂಗ್ ಕಡೆಯವರನ್ನು ನೇರವಾಗಿ ಕೇಳಿದರು. ಹೌದು ಅನ್ನೋ ಉತ್ತರ ಬಂತು. 2013ರ ಜುಲೈ 14ರ ಭಾನುವಾರ ಸುದ್ದಿ ಅಚ್ಚಾಯಿತು. 1,500 ಪ್ರತಿಯ ಪುಸ್ತಕ ನೋಡನೋಡುತ್ತಿದ್ದಂತೆ ಮಾರಾಟದ ಪಟ್ಟಿಯ ತುದಿಗೆ ಹೋಯಿತು. ಅದೇ ವಾಕ್ಯಗಳು, ಅದೇ ಪುಡಿ ಪದಗಳು, ಮುಖಪುಟದ ಹೆಸರೂ ಅದೇ.

ಪಿಸುಮಾತು ಹೊರಟಿದ್ದು ಎಲ್ಲಿಂದ ಅನ್ನೋದು ಕೆಲವೇ ದಿನಗಳಲ್ಲಿ ಗೊತ್ತಾಯಿತು. ರೌಲಿಂಗ್‌ಗೆ ಕೆಲಸ ಮಾಡುತ್ತಿದ್ದ ವಕೀಲರ ಸಂಸ್ಥೆಯ ಒಬ್ಬ ಪಾಲುದಾರರು ಹೆಂಡತಿಯ ಗೆಳತಿಗೆ ಈ ಗುಟ್ಟು ಹೇಳಿದ್ದರು. ಟ್ವಿಟರ್‌ನಲ್ಲಿ ಅದನ್ನು ಬಿಟ್ಟುಕೊಟ್ಟಿದ್ದು ಆ ಗೆಳತಿ. ರೌಲಿಂಗ್ ಕೋರ್ಟಿಗೆ ಹೋದರು. ಸಂಸ್ಥೆ ಕ್ಷಮೆ ಕೇಳಿತು, ಸೈನಿಕರ ನೆರವಿಗೆ ಇರುವ ಒಂದು ದತ್ತಿ ಸಂಸ್ಥೆಗೆ ಹಣ ಕೊಡೋಕೂ ಒಪ್ಪಿತು.

ಗುಟ್ಟು ರಟ್ಟಾದ ಮೇಲೂ ರೌಲಿಂಗ್ ಆ ಹೆಸರನ್ನು ಬಿಡಲಿಲ್ಲ. 2014ರಲ್ಲಿ ಗಾಲ್‌ಬ್ರೈತ್ ಹೆಸರಿನಲ್ಲೇ ಎರಡನೇ ಪುಸ್ತಕ 'ದಿ ಸಿಲ್ಕ್‌ವರ್ಮ್' ಬಂತು. ಅದರಲ್ಲಿ ಒಬ್ಬ ಕಾದಂಬರಿಕಾರ ಕಾಣೆಯಾಗಿರುತ್ತಾನೆ. ಪತ್ತೇದಾರ ಬೆನ್ನು ಹತ್ತೋದು ಅವನ ಅಚ್ಚಾಗದ ಹಸ್ತಪ್ರತಿಯನ್ನು.